ಪ್ರಾರ್ಥನೆ ಮುಗಿಯುವವರೆಗೆ

"ಇನ್ನೊಂಚೂರು ಮಸಾಲೆ ಬೇಕು, ಜೋನೆಲ್," ಎಂದ ನಿರ್ದೇಶಕ ಕೈಲ್. "ಸೊಂಟದ ಮೇಲೆ ಕೈ ಇಟ್ಕೊಂಡು, ಕಣ್ಣು ಗರಗರ ತಿರುಗಿಸಿ, ಚಿಟಿಕೆ ಹೊಡೀತಾ ಕಿರುಚ್ಬೇಕು. ನಿಮ್ಮ ಕಡೆ ಹೆಂಗಸ್ರು ಕೂಗಾಡ್ತಾರಲ್ಲ, ಹಾಗೆ. ನಿಮಗೆ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡುವ ಅಗತ್ಯವಿರಲಿಲ್ಲ. ಕಪ್ಪು ಹೆಂಗಸು ಎಂದರೆ ಬಾಯಿಬಡುಕಿ ಎಂದು ತೀರ್ಮಾನಿಸಿಬಿಟ್ಟ ಕಾಮಿಡಿ ಸಿನಿಮಾಗಳಿಂದಲೇ ಜೋನೆಲ್ ಪ್ರೂಯಿಟ್ ಹೊಟ್ಟೆ ಹೊರೆಯುತ್ತಿದ್ದಳು. ಒಂದರಲ್ಲಿ ಜಗಳಗಂಟಿ ನಾದಿನಿ, ಇನ್ನೊಂದರಲ್ಲಿ ಕರಿದ ಕೋಳಿಕಾಲು ಹಿಡಿದು ಗಂಡನನ್ನು ಬೀದಿಯುದ್ದ ಅಟ್ಟಾಡಿಸುವವಳು. ಇವತ್ತು, ಮದುವೆಗೆ ತಡವಾಗಿ ಬಂದ ವರನ ಮೇಲೆ ಹಾರಿಬೀಳುವ ವಧುವಿನ ಚಿಕ್ಕಮ್ಮ. ಹೊಸದೇನೂ ಅಲ್ಲ. ಆದರೆ ಶೂಟಿಂಗ್ ನಡೆಯುತ್ತಿದ್ದದ್ದು ಅವಳು ಹುಟ್ಟಿ ಬೆಳೆದ ಮೇಕನ್ ಊರಿನ ಕಪ್ಪು ಜನರ ಚರ್ಚಿನಲ್ಲಿ. ಬಾಗಿಲ ಪಕ್ಕದಲ್ಲಿ ಅಮ್ಮ ನಿಂತಿದ್ದಳು.

ಅಮ್ಮ ಎರ್ನೆಸ್ಟೀನ್ ಆ ಚರ್ಚಿನ ಅಷರ್‌ಗಳ ಮುಖ್ಯಸ್ಥೆ. ಬಾಗಿಲು ಕಾಯುವುದು, ಬಂದವರನ್ನು ಕೂರಿಸುವುದು ಅವರ ಸೇವೆ. ಬಿಳಿ ಉಡುಪು, ಬಿಳಿ ಕೈಗವಸು, ಒಂದು ಕೈ ಬೆನ್ನ ಹಿಂದೆ. ಬಾಗಿಲಲ್ಲಿ ನಿಂತರೆ ಬಾಯಲ್ಲಿ ಮಾತಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. ಜನರ ನಡುವೆ ಸುಮ್ಮನೆ ಕೂತಿರಿ ಸಾಕು ಎಂದು ಸಿನಿಮಾದವರು ಹೇಳಿದ್ದರು. ಈ ಅಷರ್ ಹೆಂಗಸರು ಯಾರ ಮಾತನ್ನೂ ಕೇಳದೆ ಬಾಗಿಲಿಗೆ ಬಂದು ನಿಂತಿದ್ದರು. ಅಷರ್ ಇಲ್ಲದ ಬಾಗಿಲಿಂದ ಈ ಚರ್ಚಿನೊಳಗೆ ಯಾರೂ ಬಂದದ್ದಿಲ್ಲ. ಸಿನಿಮಾದವರೇನು ಆಕಾಶದಿಂದ ಇಳಿದವರೇ?

ಕ್ಯಾಮೆರಾ ಓಡಿತು. ವರನ ವೇಷದ ನಾಯಕ ನಟ ಟೈ ಸರಿಮಾಡಿಕೊಳ್ಳುತ್ತ ನುಗ್ಗಿಬಂದ. ಜೋನೆಲ್ ಕಣ್ಣು ಮುಚ್ಚಿಕೊಂಡು ಕಿರುಚಿದಳು. ಅಮ್ಮನ ಎದುರಿಗೆ ಅದು ಕಾಮಿಡಿಯಾಗಿ ಬರಲಿಲ್ಲ, ನಿಜವಾದ ಸಂಕಟವೇ ಕೂಗಾಗಿ ಬಂತು. ಮರುಗಳಿಗೆ ಯಾರೋ ಅವಳ ತೋಳು ಹಿಡಿದರು, ಕನ್ನಡಕ ತೆಗೆದರು, ಮುಖಕ್ಕೆ ಬೀಸಣಿಗೆ ಬೀಸತೊಡಗಿದರು. ಕಣ್ಣು ಬಿಟ್ಟರೆ ಅಮ್ಮ! ಆರಾಧನೆಯ ಹೊತ್ತಿನಲ್ಲಿ ಯಾರಾದರೂ ಮೈಮರೆತು ಕೂಗಿಕೊಂಡರೆ ಅಷರ್‌ಗಳು ಮಾಡುವುದೇ ಹೀಗೆ.

"ಕಟ್! ಆ ಅಜ್ಜಿ ಯಾಕೆ ಮಧ್ಯ ಬಂದ್ರು?" ಕೈಲ್ ತಲೆ ಚಚ್ಚಿಕೊಂಡ.

"ಅಮ್ಮಾ, ಇದು ನಟನೆ," ಜೋನೆಲ್ ಪಿಸುಗುಟ್ಟಿದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

"ಗೊತ್ತು ಕಣೇ. ಏನ್ಮಾಡ್ಲಿ, ಕಾಲು ತಾನಾಗೇ ಬಂದ್ಬಿಡ್ತು." ಅಮ್ಮ ಕನ್ನಡಕ ಒರೆಸಿ ಮಗಳ ಮೂಗಿನ ಮೇಲಿಟ್ಟಳು. "ಮಗನ್ನ ಮಣ್ಣುಮಾಡಿ ಬಂದವಳು ಇಲ್ಲಿ ಕೂಗಿದಾಳೆ, ಕಾಯಿಲೆ ವಾಸಿಯಾದವಳು ಕೂಗಿದಾಳೆ. ಅವ್ರನ್ನ ನೋಡಿ ಯಾರೂ ನಗ್ಲಿಲ್ಲ. ಇದು ನಗೋಕೆ ಕೂಗೋದು ಅಂತ ನನ್ನ ಕಾಲಿಗೆ ಹೇಗೆ ಗೊತ್ತಾಗ್ಬೇಕು?"

"ನನ್ನ ಸಿನಿಮಾ ನೋಡಿದೀಯಾ?"

"ಒಂದೂ ಬಿಟ್ಟಿಲ್ಲ."

"ಒಂದಿನಾನೂ ಏನೂ ಹೇಳ್ಲಿಲ್ಲ."

"ಏನ್ ಹೇಳ್ಲಿ? ಮನೇಲಿ ನೀನು ಮೆತ್ತಗೆ ಒಂದು ಮಾತಾಡಿದ್ರೆ ನಿಮ್ಮಪ್ಪ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಆ ಹುಡುಗಿ ಯಾವ ಸಿನಿಮಾದಲ್ಲೂ ಸಿಗ್ಲಿಲ್ಲ ಕಣೇ. ಹುಡುಕ್ತಾನೇ ಇದೀನಿ."

ಜೋನೆಲ್ ಕನ್ನಡಕ ಸರಿಮಾಡಿಕೊಂಡಳು. ಅತ್ತ ಕೈಲ್ ಕೂಗುತ್ತಿದ್ದ: "ಇನ್ನೊಂದೇ ಟೇಕ್! ಇದೂ ಕೆಟ್ರೆ ಬೇರೆಯವ್ರನ್ನ ಹಾಕ್ತೀನಿ. ಈ ಪಾತ್ರಕ್ಕೆ ಹೊರಗಡೆ ಕ್ಯೂ ನಿಂತಿದಾರೆ."

ಅದು ಸುಳ್ಳಾಗಿರಲಿಲ್ಲ. ಜೋನೆಲ್ ಅಮ್ಮನ ಕಡೆ ಕೈ ಚಾಚಿದಳು. "ನಿನ್ನ ಕೈಗವಸು ಕೊಡು." ಅಮ್ಮ ಎರಡನ್ನೂ ಕಳಚಿ ಕೊಟ್ಟಳು.

ಮತ್ತೆ ಕ್ಯಾಮೆರಾ ಓಡಿತು. ವರ ನುಗ್ಗಿಬಂದ. ಬಾಗಿಲಲ್ಲಿ ಜೋನೆಲ್, ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಅವನ ಎದೆಯ ನೇರಕ್ಕೆ. ಒಳಗೆ ಪ್ರಾರ್ಥನೆ ನಡೆಯುವಾಗ ಆ ಬಾಗಿಲನ್ನು ಯಾರೂ ದಾಟುವಂತಿಲ್ಲ, ಮದುವೆ ಗಂಡಾದರೂ ಸರಿ. ಅವನು ಎಡಕ್ಕೆ ಸರಿದ. ಅವಳೂ ಸದ್ದಿಲ್ಲದೆ ಎಡಕ್ಕೆ ಸರಿದಳು. ಬಲಕ್ಕೆ ಹೋದ, ಅಲ್ಲೂ ಅವಳೇ. ಗಡಿಯಾರ ತೋರಿಸಿದ. ಅವಳು ತಲೆ ಬಾಗಿಸಿ ಕಣ್ಣು ಮುಚ್ಚಿದಳು, ಅಂಗೈ ಮಾತ್ರ ಅಲ್ಲಾಡಲಿಲ್ಲ. ಅವನು ಮೆಲ್ಲಗೆ ತುದಿಗಾಲಲ್ಲಿ ಹೆಜ್ಜೆ ಎತ್ತಿದ. ಅವಳು ಒಂದೇ ಒಂದು ಕಣ್ಣು ತೆರೆದು ಆ ಕಾಲನ್ನು ನೋಡಿದಳು. ಕಾಲು ವಾಪಸು ಹೋಯಿತು.

ಮೊದಲು ಲೈಟಿನವರು ನಕ್ಕರು. ಆಮೇಲೆ ಮೇಕಪ್ಪಿನವರು. ಬಾಗಿಲಲ್ಲಿ ಎಂದೂ ಹಲ್ಲು ಬಿಡದ ಅಷರ್‌ಗಳ ಭುಜ ಕುಲುಕತೊಡಗಿದವು. ಯಾವ ಸಿನಿಮಾದಲ್ಲೂ ಜೋನೆಲ್ ಇಷ್ಟು ನೆಟ್ಟಗೆ ನಿಂತಿರಲಿಲ್ಲ. ಎರ್ನೆಸ್ಟೀನ್ ತನ್ನದೇ ನಿಯಮ ಮುರಿದು, "ನನ್ನ ಮಗಳು ಕಣೇ," ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು, ಅವಳಿಗೆ ಗೊತ್ತೇ ಇಲ್ಲವೇನೋ ಎಂಬಂತೆ.

ಕೈಲ್ ಕೂಡ ಕಣ್ಣೊರೆಸಿಕೊಂಡ. "ಸೂಪರ್! ಇದನ್ನೇ ಇಟ್ಕೊಳ್ಳೋಣ. ಆದ್ರೆ ಕೊನೇಲಿ ಒಂದೇ ಒಂದು ಕಿರುಚಾಟ ಹಾಕ್ಬಿಡಿ. ಇಲ್ದಿದ್ರೆ ಅವಳು ನಿಮ್ಮ ಕಡೆಯವಳು ಅಂತ ಜನಕ್ಕೆ ಹೇಗೆ ಗೊತ್ತಾಗತ್ತೆ?" ಎನ್ನುತ್ತ, ಹೊರಗಿದ್ದ ಕ್ಯಾಮೆರಾ ಬಿಟ್ಟು ಒಳಗೆ ಬರಲು ಸರಸರನೆ ಬಾಗಿಲ ಕಡೆಗೆ ಬಂದ.

ಜೋನೆಲ್ ಕೈ ಇಳಿಸಲಿಲ್ಲ.

ಕೈಲ್ ಎಡಕ್ಕೆ ಸರಿದ. ಅವಳೂ ಎಡಕ್ಕೆ ಸರಿದಳು. ಚರ್ಚಿನಲ್ಲಿ ನಗು ನಿಂತಿತ್ತು. ವರನ ವೇಷದ ನಟ ಒಂದು ಹೆಜ್ಜೆ ಸರಿದು ತನ್ನ ಪಕ್ಕದಲ್ಲಿ ಅವನಿಗೆ ನಿಲ್ಲಲು ಜಾಗ ಮಾಡಿಕೊಟ್ಟ.

"ಇಲ್ಲೇ ನಿಂತ್ಕೊ ಮಾರಾಯ," ಎಂದ. "ಬಿಡಲ್ಲ ಅವ್ರು."