ಹರಾಜಿನ ಹೊತ್ತಿನ ಮೌನ

ಸುಡುವ ಬಿಸಿಲಿನಲ್ಲಿ ಕೊರಳಿಗೆ ಉಣ್ಣೆಯ ಶಾಲು ಸುತ್ತಿಕೊಂಡು ದೆಸ್ಪಿನಾ ರಸ್ತೆಯ ಆಚೆಬದಿಯಲ್ಲಿ ನಿಂತಿದ್ದಳು. ಗಂಟಲು ಪೂರ್ತಿ ಕಟ್ಟಿಹೋಗಿದೆ, ಒಂದಕ್ಷರವೂ ಹೊರಡದು ಎಂದು ಬೆಳಿಗ್ಗೆ ಸನ್ನೆಯಲ್ಲೇ ತಿಳಿಸಿ, ಹರಾಜಿನ ಸುತ್ತಿಗೆಯನ್ನು ತನ್ನ ಕೈಕೆಳಗಿನ ಸೆಮಿಸಿಗೆ ಒಪ್ಪಿಸಿದ್ದಳು. ನಿಜಕ್ಕೂ ಅವಳ ಗಂಟಲಿಗೆ ಏನೂ ಆಗಿರಲಿಲ್ಲ.

ಥಾರ್ನ್‌ಬರಿ ಬಡಾವಣೆಯಲ್ಲಿ ಮನೆ ಮಾರಿಕೊಡುವ ಅವಳ ತಂಡಕ್ಕೆ ದೊಡ್ಡ ಹೆಸರಿತ್ತು. ಒಬ್ಬೊಬ್ಬರನ್ನೂ ತಾನೇ ಆರಿಸಿ, ತಿದ್ದಿ, ಬೆಳೆಸಿದ್ದಳು. ಆದರೆ ಶನಿವಾರದ ಹರಾಜನ್ನು ಮಾತ್ರ ಎಂದೂ ಕೈಬಿಟ್ಟವಳಲ್ಲ. ಬೇರೆಯವರಿಗೆ ಬಿಟ್ಟ ದಿನಗಳಲ್ಲೂ ಗುಂಪಿನ ನಡುವಿನಿಂದ ಅಡ್ಡಬಾಯಿ ಹಾಕಿ, ಕಡೆಗೆ ಸುತ್ತಿಗೆಯನ್ನೇ ಕಸಿದುಕೊಳ್ಳುತ್ತಿದ್ದಳು. ತನ್ನ ದನಿಯಿಲ್ಲದೆ ಈ ತಂಡ ನಿಂತೀತೇ? ಅದನ್ನು ಅರಿಯಲೆಂದೇ ಇಂದಿನ ಈ ಮೌನವ್ರತ.

"ನೆರಳಲ್ಲಿ ನಿಲ್ಲಿ, ನೀರು ಕುಡೀರಿ, ಕೈ ಮಾತ್ರ ಕೆಳಗಿಳಿಸ್ಬೇಡಿ!" ಎಂದು ಸೆಮಿಸಿ ಕೂಗಿದಾಗ ಗುಂಪು ನಕ್ಕಿತು. ಟೊಂಗಾ ದ್ವೀಪದವರ ಇಗರ್ಜಿಯಲ್ಲಿ ಹಾಡಿ ಪಳಗಿದ ಆ ಕಂಠ ರಸ್ತೆಯ ತುದಿಯವರೆಗೂ ಹಬ್ಬುತ್ತಿತ್ತು. ಬಸುರಿ ಹೆಂಡತಿಯ ಕೈ ಹಿಡಿದಿದ್ದ ಒಬ್ಬ ತರುಣ ಹನ್ನೊಂದು ಲಕ್ಷ ಎಪ್ಪತ್ತು ಸಾವಿರ ಡಾಲರಿಗೆ ಸವಾಲು ಏರಿಸಿದ. ಕೂಡಲೇ ಹುಲ್ಲುಟೋಪಿಯ ಒಬ್ಬಾತ ಹನ್ನೊಂದು ತೊಂಬತ್ತು ಎಂದ. ಆ ಟೋಪಿಯ ಕೆಳಗಿನ ಮುಖವನ್ನು ದೆಸ್ಪಿನಾ ಗುರುತಿಸಿದಳು. ಅವನು ಪಾನೊಸ್, ಮನೆ ಮಾರುತ್ತಿರುವ ಕಲಿಯೋಪಿಯ ಮೈದುನ, ಅಡಿಲೇಡಿನವನು. ಹೋದ ಈಸ್ಟರಿನಲ್ಲಿ ಕಲಿಯೋಪಿಯ ಮನೆಯಲ್ಲಿ ತನ್ನ ಎದುರಿಗೇ ಕುಳಿತು ಉಂಡಿದ್ದ. ಬೆಲೆ ಉಬ್ಬಿಸಲು ಸುಳ್ಳು ಸವಾಲು ಕೂಗುವುದು ಕಾನೂನಿಗೆ ವಿರುದ್ಧ. ಕೊಳ್ಳುವವರಿಗೆ ಬಗೆಯುವ ದ್ರೋಹ. ಆದರೆ ಸೆಮಿಸಿ ಪಾನೊಸನನ್ನು ಎಂದೂ ಕಂಡವನಲ್ಲ.

ದೆಸ್ಪಿನಾ ತಂಡಕ್ಕೆ ಮೊದಲ ದಿನವೇ ಕಲಿಸುತ್ತಿದ್ದ ಪಾಠವೊಂದಿತ್ತು: ಸವಾಲು ಕೂಗಿದವನ ಬಾಯಿ ನೋಡಬೇಡಿ, ಕೂಗಿದ ಮೇಲೆ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ತರುಣನ ಕಣ್ಣು ಹೆಂಡತಿಯ ಮುಖಕ್ಕೆ ಹೋಗುತ್ತಿತ್ತು. ಟೋಪಿಯವನ ಕಣ್ಣು ಮನೆಯ ಅಡುಗೆಕೋಣೆಯ ಕಿಟಕಿಗೆ. ಸೆಮಿಸಿ ಮೇಲೆತ್ತಿದ ಸುತ್ತಿಗೆಯನ್ನು ನಿಧಾನವಾಗಿ ಇಳಿಸಿದ.

"ಟೋಪಿ ಯಜಮಾನ್ರೇ, ನಿಮ್ಗೂ ಈ ಮನೆಯವ್ರಿಗೂ ಏನಾದ್ರೂ ನಂಟಿದ್ಯಾ?"

"ಯಾಕಯ್ಯಾ? ನನ್ ದುಡ್ಡು ಸವಕಲಾ?"

"ದುಡ್ಡಿನ ಮಾತಲ್ಲ ಸ್ವಾಮಿ. ಕೂಗಿದಾಗೆಲ್ಲ ಆ ಕಿಟಕಿ ಕಡೆ ನೋಡ್ತೀರಿ. ಅಲ್ಲಿ ಯಾರು ತಲೆ ಆಡಿಸ್ತಿದಾರೆ?"

ಒದ್ದೆ ಬಟ್ಟೆ ಹಿಡಿದೇ ಕಲಿಯೋಪಿ ಜಗಲಿಗೆ ನುಗ್ಗಿದಳು. "ಹೌದು, ನನ್ ಮೈದುನಾನೇ! ಏನೀಗ? ಸಂಬಂಧಿಕ್ರು ಮನೆ ತಗೋಬಾರ್ದಾ?"

"ಧಾರಾಳವಾಗಿ ತಗೋಬಹುದು ತಾಯಿ," ಎಂದ ಸೆಮಿಸಿ. "ಹಾಗಿದ್ರೆ ಯಜಮಾನ್ರೇ, ಸುತ್ತಿಗೆ ಬಿದ್ದ ತಕ್ಷಣ ಸಹಿ ಹಾಕಿ, ಹತ್ತರಲ್ಲಿ ಒಂದು ಪಾಲು ಮುಂಗಡ ಇಲ್ಲೇ ಕಟ್ಬೇಕು. ಕಟ್ತೀರಾ?"

ಪಾನೊಸ್ ಟೋಪಿ ತೆಗೆದು ಮುಖ ಒರೆಸಿಕೊಂಡು, ಯಾರ ಕಡೆಗೂ ನೋಡದೆ ತನ್ನ ಕಾರಿನತ್ತ ನಡೆದ.

"ದೆಸ್ಪಿನಾ!" ಕಲಿಯೋಪಿಯ ಚೀರು ರಸ್ತೆ ದಾಟಿ ಬಂತು. "ನಿನ್ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನ ಎತ್ಕೊಂಡು ನಿಂತೋಳು ನಾನು ಕಣೇ! ಬಾಯಿ ಮುಚ್ಚು ಅನ್ನು ಈ ನಿನ್ ಆಳಿಗೆ!"

ಎಲ್ಲ ಮುಖಗಳೂ ಇತ್ತ ತಿರುಗಿದವು. ಸೆಮಿಸಿಯೂ ನೋಡಿದ. ಇಷ್ಟು ವರ್ಷಗಳ ಗೆಳೆತನವನ್ನು ಉಳಿಸಲು ಒಂದೇ ಒಂದು ಮಾತು ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ದೆಸ್ಪಿನಾ ಶಾಲನ್ನು ಬೆರಳಿನಿಂದ ಮುಟ್ಟಿ ತೋರಿಸಿ, ನೆರೆಮನೆಯ ನಿಂಬೆಗಿಡದ ಕಡೆಗೆ ಮುಖ ತಿರುಗಿಸಿದಳು.

ಬೆನ್ನ ಹಿಂದಿನಿಂದ ಸೆಮಿಸಿಯ ಕಂಠ ಕೇಳಿಸಿತು. ಅದರಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. "ಕೊನೇ ನಿಜವಾದ ಸವಾಲಿಗೆ ವಾಪಸ್ ಹೋಗೋಣ. ಹನ್ನೊಂದು ಎಪ್ಪತ್ತು! ಮನೆಯವ್ರು ಮೊದ್ಲೇ ಒಪ್ಪಿದ ಬೆಲೆಗಿಂತ ಮೇಲೇ ಇದೆ. ಒಂದನೇ ಸಲ... ಎರಡನೇ ಸಲ..." ಸುತ್ತಿಗೆ ಬಿತ್ತು. ದೆಸ್ಪಿನಾ ಮತ್ತೆ ಇತ್ತ ತಿರುಗಿದಳು. ಬಸುರಿ ಹೆಂಗಸು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ತಂಡದ ಒಬ್ಬಾಕೆ ಆಗಲೇ ಕುರ್ಚಿ ಹಿಡಿದು ಓಡಿದ್ದಳು; ಮತ್ತೊಬ್ಬ ಜಗಲಿಯ ಮೇಲೆ ಕಲಿಯೋಪಿಗೆ ತಣ್ಣೀರು ಚಾಚುತ್ತ ತಗ್ಗಿದ ದನಿಯಲ್ಲಿ ಸಮಾಧಾನ ಹೇಳುತ್ತಿದ್ದ. ಯಾರಿಗೂ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಈ ನೋಟವನ್ನು ದೆಸ್ಪಿನಾ ದೇವರೆದುರಿನ ದೀಪವನ್ನು ನೋಡುವಂತೆ ಕಣ್ತುಂಬ ನೋಡಿದಳು. ಕಲಿಯೋಪಿ ನೀರು ಕುಡಿದು, "ಈ ಈಸ್ಟರಿಗೆ ನಮ್ಮನೆ ಕಡೆ ತಲೆ ಹಾಕ್ಬೇಡ!" ಎಂದು ಕೂಗಿ ಬಾಗಿಲು ಬಡಿದುಕೊಂಡಳು.

ಗುಂಪು ಚದುರಿತು. ಸೆಮಿಸಿ ಬೆವರು ಸುರಿಸುತ್ತ ರಸ್ತೆ ದಾಟಿ ಬಂದ. "ಇನ್ನಾದ್ರೂ ಆ ಶಾಲು ಬಿಚ್ಚಿ ಬಾಸ್, ಬೆಂದುಹೋಗ್ತೀರಿ. ಬ್ರೆಡ್ಡು ಸೀದಿದೆ ಅಂತ ಬೆಳಿಗ್ಗೆ ಬೇಕರಿಯವ್ನಿಗೆ ನೀವು ಬೈದದ್ದು ಆಫೀಸಿನ ತನಕ ಕೇಳಿಸ್ತು. ಎಲ್ರಿಗೂ ಗೊತ್ತು."

ದೆಸ್ಪಿನಾ ಶಾಲನ್ನು ಕಿತ್ತೆಳೆದಳು. "ಗೊತ್ತಿದ್ದೂ ಇಷ್ಟು ಧೈರ್ಯ ಮಾಡಿದ್ಯಾ? ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ನಲ್ಲ. ನಿಮ್ಮ ಕಡೆ ನೋಡಿದೆ." ಅವನು ಸುತ್ತಿಗೆಯನ್ನು ಅವಳತ್ತ ಚಾಚುತ್ತ ನಕ್ಕ. "ನಾನು ತಪ್ಪು ಮಾಡಿದ್ರೆ ನೀವು ಸುಮ್ಮನಿರೋ ಜನಾನಾ ಬಾಸ್?"

ಸುತ್ತಿಗೆಯನ್ನು ಅವನ ಎದೆಗೇ ಮರಳಿ ಒತ್ತಿ, ಉತ್ತರ ಕೊಡಲೆಂದು ದೆಸ್ಪಿನಾ ಬಾಯಿ ತೆರೆದಳು. ಈ ಸಲ ನಿಜವಾಗಿಯೂ ದನಿ ಹೊರಡಲಿಲ್ಲ.