ಆ ದಿನದ ಸಾಲು

ಸಾಲು ಮಾಯವಾಗಿತ್ತು.

ತಂಗಿ ಕಂಪ್ಯೂಟರ್ ಪರದೆಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಜಾಲಾಡಿದಳು. ಆಸ್ಪತ್ರೆಯ ಡೇಟಾಬೇಸಿನ ಬ್ಯಾಕಪ್ ನಕಲು ಯಾವಾಗ ತೆಗೆದರು, ಯಾವ ಬ್ಯಾಕಪ್ಪನ್ನು ಯಾವಾಗ ಮರಳಿ ಹಾಕಿದರು ಎಂಬ ಚರಿತ್ರೆಯೆಲ್ಲ ಅಲ್ಲಿತ್ತು. ಅಕ್ಕನ ಬದುಕು ಮಣ್ಣುಪಾಲಾದ ದಿನದ ಸಾಲೊಂದೇ ಇರಲಿಲ್ಲ. ಊಟಕ್ಕೆ ಏಳುವಾಗ ಇತ್ತು.

ಹಿಂದೆ ಇದೇ ಕುರ್ಚಿಯಲ್ಲಿ ಅಕ್ಕ ಕೂರುತ್ತಿದ್ದಳು. ಒಂದು ದಿನ ವಾರದ ಲ್ಯಾಬ್ ವರದಿಗಳೆಲ್ಲ ಕಾಣೆಯಾದವು. ಡಿಸ್ಕ್ ಕೆಟ್ಟಿತು, ಇವಳು ಬ್ಯಾಕಪ್ಪೇ ತೆಗೆದಿರಲಿಲ್ಲ ಎಂದ ವಿಭಾಗದ ಮುಖ್ಯಸ್ಥ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಬೆನ್ನ ಹಿಂದೆ ಎಲ್ಲರಿಗೂ ಅವನು ‘ಬೆಣ್ಣೆ’. ತೆಗೆದಿದ್ದೆ ಎಂದು ಅಕ್ಕ ಬಡಕೊಂಡಳು. ಯಾರು ಕೇಳಬೇಕು? ಕೆಲಸ ಹೋಯಿತು, ಹೆಸರೂ ಹೋಯಿತು. ಇವತ್ತಿಗೂ ಫೋನು ರಿಂಗಾದರೆ ಅವಳು ಬೆಚ್ಚುತ್ತಾಳೆ. ಬೆಣ್ಣೆಯೇ ಅವಸರದಲ್ಲಿ ಹಳೆಯ ಬ್ಯಾಕಪ್ಪನ್ನು ಮೇಲೆ ಹಾಕಿ ಆ ವಾರದ್ದನ್ನೆಲ್ಲ ಅಳಿಸಿದ ಎಂಬುದು ಅವಳ ಗುಮಾನಿ. ಗುಮಾನಿಗೆ ಸಾಕ್ಷಿ ಎಲ್ಲಿಂದ ಬರಬೇಕು!

ಸಂಬಂಧ ಹೇಳದೆ ತಂಗಿ ಅಲ್ಲೇ ಕೆಲಸಕ್ಕೆ ಸೇರಿದಳು. ಮೊದಲ ವಾರವೆಲ್ಲ ಚರಿತ್ರೆ ಕೆದಕಿದಳು. ವಾರದ ಕೊನೆಗೆ ಮನೆಗೆ ಬಂದು ತಟ್ಟೆ ಮುಂದೆ ಕೂತಳು.

“ಸಿಕ್ತಾ?” ಎಂದಳು ಅಕ್ಕ.

“ಅವನನ್ನ ಬಿಡೋದಿಲ್ಲ ಅಕ್ಕ.”

ಮುಂದಿನ ವಾರ ಚರಿತ್ರೆ ಎಲ್ಲರಿಗೂ ಕಾಣುವಂತೆ ಕಂಪ್ಯೂಟರಿನಲ್ಲಿ ಹೊಸ ಪರದೆ ಸಿದ್ಧಮಾಡಿದಳು. ಆ ದಿನದ ಸಾಲೂ ಅದರಲ್ಲಿತ್ತು: ಹಳೆಯ ಬ್ಯಾಕಪ್ ಮರಳಿ ಹಾಕಲಾಗಿದೆ. ಯಾರು ಹಾಕಿದ್ದೆಂದು ಹೆಸರಿರಲಿಲ್ಲ. ಅದರ ಒಂದು ಪ್ರತಿಯನ್ನು ಆಸ್ಪತ್ರೆಯ ನಿರ್ದೇಶಕಿಗೆ ಕಳಿಸಿ, ಊಟವಾದ ಮೇಲೆ ಬಂದು ನೋಡಿ ಎಂದು ಕರೆದಳು. ಆಮೇಲೆ ಮಾಡಿದ್ದೇನು? ತಿದ್ದುವ ಅಳಿಸುವ ಹಕ್ಕು ತನಗೆ ಬೇಡ, ನೋಡುವ ಹಕ್ಕು ಸಾಕು ಎಂದು ಅಳಿಸುವ ಹಕ್ಕನ್ನು ಬೆಣ್ಣೆಯೊಬ್ಬನಿಗೇ ಒಪ್ಪಿಸಿಬಿಟ್ಟಳು. ಬೆಕ್ಕಿನ ಕೈಯಲ್ಲಿ ಹಾಲು ಕಾಯಿಸಿದ ಹಾಗೆ. ಅಷ್ಟೂ ಬುದ್ಧಿ ಬೇಡವೇ!

ನಿರ್ದೇಶಕಿ ಬಂದರು. ಹಿಂದೆಯೇ ನಗುತ್ತ ಬೆಣ್ಣೆ. ಒಂದು ಸಾಲು ಕಾಣುತ್ತಿಲ್ಲ ಎಂದಳು ತಂಗಿ. ಹೊಸಬರು, ಕೈತಪ್ಪಿ ಹೋಗಿರುತ್ತದೆ ಎಂದು ಅವನು ದೊಡ್ಡ ಮನಸ್ಸು ತೋರಿಸಿದ.

ನಿರ್ದೇಶಕಿ ತಮ್ಮ ಪ್ರತಿಯನ್ನು ಪರದೆಯ ಪಕ್ಕ ಇಟ್ಟು ಹೋಲಿಸಿದರು.

“ಅಳಿಸೋ ಹಕ್ಕು ಇರೋದು ನಿಮಗೊಬ್ಬರಿಗೇ. ಇಷ್ಟೊಂದು ಸಾಲಿನಲ್ಲಿ ಇದೊಂದೇ ಯಾಕೆ ಬೇಡವಾಯ್ತು? ಅವತ್ತು ಡಿಸ್ಕ್ ಕೆಟ್ಟಿತ್ತು ಅಂದಿದ್ರಲ್ಲ?”

ಬೆಣ್ಣೆ ಕರಗಿತು. ಚರಿತ್ರೆಯಲ್ಲೇ ಬಿದ್ದಿರುವಾಗ ಇನ್ನು ಮುಚ್ಚಿಟ್ಟೇನು ಫಲ ಎಂದು ಒಪ್ಪಿಕೊಂಡ. ಪ್ರಯೋಗಕ್ಕೆಂದು ಇಟ್ಟ ಡೇಟಾಬೇಸ್ ನಕಲಿನ ಮೇಲೆ ಹಾಕಬೇಕಾದ ಹಳೆಯ ಬ್ಯಾಕಪ್ಪನ್ನು ನಿಜವಾದದ್ದರ ಮೇಲೆಯೇ ಹಾಕಿದ್ದ. ಅಕ್ಕ ತೆಗೆದಿಟ್ಟ ಬ್ಯಾಕಪ್ಪನ್ನು, ತಪ್ಪು ಹೊರಬಿದ್ದೀತೆಂದು, ತಾನೇ ಅಳಿಸಿದ್ದ. ನಿರ್ದೇಶಕಿ ಅಷ್ಟನ್ನೂ ಬರೆಸಿ ಸಹಿ ಹಾಕಿಸಿಕೊಂಡರು.

ತಂಗಿ ಮನೆಗೆ ಫೋನು ಹಚ್ಚಿ ಅವನ ಬಾಯಿಯ ಹತ್ತಿರ ಹಿಡಿದಳು. “ನಮ್ಮಕ್ಕ ಇದ್ದಾಳೆ ಸರ್. ಇದನ್ನೇ ಹೇಳಿ.”

ಅವನು ಗೊಣಗಿದ.

“ಕೇಳಿಸಲಿಲ್ಲವಂತೆ. ಇನ್ನೊಂದ್ಸಲ.”

ಅವನು ಮತ್ತೆ ಹೇಳಿದ, ಗಟ್ಟಿಯಾಗಿ. ಆ ಕಡೆ ಅಕ್ಕ ಅಳುತ್ತಿದ್ದಳು. ತಂಗಿಯ ಹೊಟ್ಟೆ ತಣ್ಣಗಾಯಿತು.

ಅವನು ಹೊರಗೆ ಹೋದ ಮೇಲೆ ನಿರ್ದೇಶಕಿ, ಅಳಿಸಿದ ಸಾಲನ್ನು ಚರಿತ್ರೆಗೆ ಮತ್ತೆ ಸೇರಿಸಿಬಿಡು ಎಂದರು.

“ಬೇಡ ಮೇಡಂ,” ಎಂದಳು ತಂಗಿ. “ಹಳೇ ಚರಿತ್ರೆನ ಯಂತ್ರ ತಾನಾಗೇ ಗುಡಿಸಿ ಹಾಕುತ್ತೆ. ಆ ವರ್ಷದ್ದು ಒಂದು ಸಾಲೂ ಉಳಿದಿರಲಿಲ್ಲ. ನೀವು ಪರದೇಲಿ ನೋಡಿದ್ದೆಲ್ಲ ನಾನೇ ಕೂತು ಬರೆದದ್ದು.”