ಎಣ್ಣೆ ಕಾಣದ ಸೌಟು

ಯಜಮಾನರ ಕೊಲೆಸ್ಟ್ರಾಲ್ ಏರಿದ ದಿನದಿಂದ ವನಜಾಕ್ಷಿಯ ಒಗ್ಗರಣೆ ಸೌಟಿಗೆ ವನವಾಸ. ಆರು ತಿಂಗಳು ಅವಳು ಹನಿ ಎಣ್ಣೆಯಿಲ್ಲದೆ ಬೇಯಿಸಿ ಬಡಿಸಿದಳು, ಅವರು ತಪ್ಪದೆ ಮಾತ್ರೆ ನುಂಗಿದರು. ಆದರೂ ರಿಪೋರ್ಟಿನ ಅಂಕಿ ಇಳಿಯಲೊಲ್ಲದು.

“ಎಲ್ಲಾ ಇವಳ ಕೈಗುಣ, ಡಾಕ್ಟ್ರೇ,” ಎಂದರು ಯಜಮಾನರು. ಅವಳು ಅಪರಾಧಿಯಂತೆ ಸೆರಗಿನ ತುದಿ ಹಿಂಡುತ್ತ ಕೂತಳು.

“ಮಾತ್ರೆ ಹೇಗೆ ತಗೋತೀರಿ?”

“ಇಸಬ್ಗೋಲ್ ಕಲಸಿದ ನೀರಲ್ಲೇ. ಒಂದೇ ಗುಟುಕಿಗೆ ಎರಡೂ ಮುಗೀತು.”

ಡಾಕ್ಟರು ನಕ್ಕರು. “ಅಲ್ಲೇ ಇರಬೇಕು ಎಡವಟ್ಟು. ಆ ನಾರು ಮಾತ್ರೆಯನ್ನ ಮೈಗೆ ಹತ್ತೋಕೆ ಬಿಡದೇ ಇರಬಹುದು. ಎರಡರ ಮಧ್ಯೆ ನಾಲ್ಕು ಗಂಟೆ ಬಿಡಿ. ಪಾಪ, ಅಮ್ಮನವರ ಅಡುಗೆಯದೇನೂ ತಪ್ಪಿಲ್ಲ.”

ವನಜಾಕ್ಷಿಗೆ ಹೋದ ಜೀವ ಬಂದಂತಾಯಿತು.

“ತಪ್ಪಿಲ್ಲದೆ ಏನು?” ಎಂದರು ಯಜಮಾನರು. “ಎಣ್ಣೆಯಿಲ್ಲದ ಇವಳ ಒಣ ಅಡುಗೆ ತಿಂದೇ ಅಲ್ವೇ, ಹೊಟ್ಟೆ ಕಟ್ಟಿಕೊಂಡು ನನಗೆ ಇಸಬ್ಗೋಲ್ ಬೇಕಾದದ್ದು?”